ಆಟಿಕೆ ಟ್ಯಾಂಕಿಗೆ ಆಯುಧಪೂಜೆ

ಸಾರಕ್ಕಿಯಲ್ಲಿ ಮರುಳಸಿದ್ದಪ್ಪನವರ ಗುಜರಿ ಅಂಗಡಿಯ ಮುಂದೆ ಆಯುಧಪೂಜೆಯ ಬೆಳಿಗ್ಗೆ ಜನ ಸೇರಿದ್ದರೆ ಅದು ತಕ್ಕಡಿ ಪಕ್ಕ ನಿಂತಿದ್ದ ಟ್ಯಾಂಕನ್ನು ನೋಡಲಿಕ್ಕೆ.

ಅದನ್ನು ಮಾಡಿದ್ದು ಅವರ ಮಗ ಶಿವರಾಜ್. ಗಡಿಯಲ್ಲಿ ಬಾಂಬು ಸಿಡಿದು ಬಲಗೈ ಕಳಕೊಂಡು ಬಂದವನು ಹತ್ತು ತಿಂಗಳು ಮಾತೇ ಬಿಟ್ಟಂತಿದ್ದ. ಆಮೇಲೊಂದು ದಿನ ಗುಜರಿಗೆ ಬಂದ ಆಟಿಕೆಗಳ ಮೂಟೆ ಬಿಚ್ಚಿಕೊಂಡು ಒಳಕೋಣೆ ಸೇರಿದ. ಹಳೇ ಕುಕ್ಕರು ಟ್ಯಾಂಕಿನ ತಲೆಯಾಯಿತು, ಮಕ್ಕಳ ವಾಕರಿನ ಚಕ್ರಗಳು ಗಾಲಿಗಳಾದವು. ಒಳಗೆ ಕೈಯಿಲ್ಲದ ಗೊಂಬೆಗಳು ಸಾಲಾಗಿ ಕೂತವು. ಎಲ್ಲರ ಹಿಂದೆ, ಗುಂಡು ತಾಗದಷ್ಟು ದೂರದಲ್ಲಿ, ಎದೆ ತುಂಬ ಸೋಡಾ ಮುಚ್ಚಳದ ಪದಕ ಹಚ್ಚಿಕೊಂಡ ಕರಡಿ ಗೊಂಬೆ ಸೇನಾಪತಿ. ಮುಗಿದಾಗ ಶಿವರಾಜ್ ಕೇಳಿದ್ದು ಒಂದೇ: ಹಬ್ಬದ ದಿನ ಇದನ್ನು ಹೊರಗಿಡಬೇಕು, ಜನ ನೋಡಬೇಕು. ಮಗನಿಗೆ ಏನೋ ಬೇಕು ಅನ್ನಿಸಿತಲ್ಲ ಎಂದು ಅಪ್ಪನ ಕಣ್ಣು ತುಂಬಿತ್ತು.

ಬೆಳಿಗ್ಗೆ ತಕ್ಕಡಿ, ಕಟರು, ತಳ್ಳುಗಾಡಿ ತೊಳೆದು ಮರುಳಸಿದ್ದಪ್ಪ ಟ್ಯಾಂಕಿನ ಹತ್ತಿರ ಬಂದರು. ತೋಪಿನ ಅಲ್ಯೂಮಿನಿಯಂ ಪೈಪು ಹಿಂದಕ್ಕೆ ಬಾಗಿಹೋಗಿತ್ತು. ಪಾಪ, ಒಂದೇ ಕೈಯಲ್ಲಿ ಕೂರಿಸುವಾಗ ಹೀಗಾಗಿದೆ ಅಂದುಕೊಂಡು, ಬಲ ಹಾಕಿ ನೆಟ್ಟಗೆ ಮಾಡಿದರು. ಮೇಲೆ ವಿಭೂತಿ ಎಳೆದರು, ಚೆಂಡುಹೂವಿನ ಹಾರ ಹಾಕಿದರು, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟರು.

ಬಡಾವಣೆಯ ಸಂಘದ ದಿನೇಶ್ ಫೋಟೋ ಹೊಡೆದ. "ಸಖತ್ತಾಗಿದೆ ಅಂಕಲ್. ಶತ್ರುಗಳು ನೋಡಿದ್ರೆ ನಿಂತಲ್ಲೇ ಒದ್ದೆ ಮಾಡ್ಕೋತಾರೆ." ರಾಜ್ಯೋತ್ಸವಕ್ಕೆ ಪಾರ್ಕಿನಲ್ಲಿ ಬಾವುಟದ ಕಂಬದ ಪಕ್ಕವೇ ಇಡೋಣ ಎಂದೂ ಹೇಳಿದ. ಯಾರೋ ಟ್ಯಾಂಕಿಗೆ ದೃಷ್ಟಿ ತೆಗೆದು ಬೂದುಗುಂಬಳಕಾಯಿ ಒಡೆದರು.

ಸ್ನಾನ ಮುಗಿಸಿ ಹೊರಬಂದ ಶಿವರಾಜ್ ಪೈಪನ್ನೇ ನೋಡುತ್ತ ನಿಂತ.

"ಯಾರು ಮುಟ್ಟಿದ್ದು ಇದನ್ನ?"

"ನಾನೇ ಕಣಪ್ಪ. ಸೊಟ್ಟಗಿತ್ತು, ಸರಿ ಮಾಡ್ದೆ."

"ಸೊಟ್ಟಗಿರ್ಲಿಲ್ಲ ಅಪ್ಪಾಜಿ. ಒಳಗೆ ಕೂತಿರೋರ ಕಡೆ ತಿರುಗಿಸಿದ್ದೆ. ಅಷ್ಟು ಮಾಡೋಕೆ ಮೂರು ದಿನ ಹಿಡೀತು."

ಮರುಳಸಿದ್ದಪ್ಪ ಗೊಂಬೆಗಳನ್ನು ನೋಡಿದರು, ಮಗನ ಖಾಲಿ ತೋಳನ್ನು ನೋಡಿದರು. ದಿನೇಶ್ ಫೋನು ಜೇಬಿಗೆ ಹಾಕಿಕೊಂಡ. ಶಿವರಾಜ್ ಹಾರ ತೆಗೆದು ಪಕ್ಕಕ್ಕಿಟ್ಟು, ಪೈಪು ಬಿಚ್ಚಿ ಕಾಲಕೆಳಗೆ ಅದುಮಿಕೊಂಡ. ನಲವತ್ತು ವರ್ಷ ಲೋಹದ ಜೊತೆಗೇ ಬಾಳಿದ ಅಪ್ಪನಿಗೆ ಮುಂದಾಗುವುದು ಗೊತ್ತಿತ್ತು.

"ಒಂದ್ಸಲ ಬಗ್ಗಿ ನೆಟ್ಟಗಾಗಿರೋದು ಮಗಾ. ಮತ್ತೆ ಬಗ್ಸಿದ್ರೆ ಮುರಿಯತ್ತೆ."

"ಆ ತುದಿ ಹಿಡ್ಕೊಳ್ಳಿ."

ಅವರು ಹಿಡಿದರು. ಅರ್ಧ ಬಾಗುವಷ್ಟರಲ್ಲಿ ಪೈಪು ಲಟಕ್ಕೆಂದಿತು. ಶಿವರಾಜ್ ತನ್ನ ಕೈಯಲ್ಲಿದ್ದ ತುಂಡನ್ನು ಅಲ್ಯೂಮಿನಿಯಂ ರಾಶಿಗೆ ಎಸೆದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮರುಳಸಿದ್ದಪ್ಪನವರು ತಮ್ಮ ತುಂಡನ್ನು ಹಿಡಿದುಕೊಂಡೇ ಆ ಬಾಗಿಲ ಮುಂದೆ ಕೂತರು. ಮಧ್ಯಾಹ್ನದ ಊಟಕ್ಕೂ ಅದು ತೆರೆಯಲಿಲ್ಲ.