ಸುತ್ತಲೂ ಒಂದೇ ಸಮ ಸವೆದ ಕಪ್

ಆ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಆಸಾಮಿ ತೆಳ್ಳಗಿದ್ದ ಎಂದಲ್ಲ, ಬಾಗಿಲು ದಾಟುವಾಗ ಹೊಟ್ಟೆಯೇ ಮೊದಲು ಒಳಗೆ ಬರುತ್ತಿತ್ತು. ಏನು ಕೇಳಿದರೂ ಕಡ್ಡಿ ಮುರಿದಂತೆ ಹೇಳಿಬಿಡುತ್ತಾನೆಂದು ಆ ಹೆಸರು. ಅಲ್ಲಿ ತಯಾರಾಗುತ್ತಿದ್ದದ್ದು ರಬ್ಬರಿನ ಸಕ್ಷನ್ ಕಪ್‌ಗಳು. ಯಂತ್ರದ ತೋಳಿನ ತುದಿಗೆ ಕಪ್ ಸಿಕ್ಕಿಸಿ ಒಳಗಿನ ಗಾಳಿ ಎಳೆದರೆ ಸಾಕು, ಗಾಜನ್ನೋ ತಗಡನ್ನೋ ಕಚ್ಚಿ ಹಿಡಿದು ಎತ್ತುತ್ತದೆ. ಅವಳು ಕಪ್‌ಗಳ ವಿನ್ಯಾಸ ಮಾಡುವವಳು. ಅವನು ಅವನ್ನು ಪರೀಕ್ಷೆಗೆ ಹಾಕಿ ಎಷ್ಟು ಬಾಳುತ್ತವೆಂದು ಹೇಳುವವನು. ಇಬ್ಬರೂ ಗಂಡ ಹೆಂಡತಿ.

ಅವಳು ಅವನನ್ನು ಮೆಚ್ಚಿ ಮದುವೆಯಾದದ್ದೂ ಆ ಬಾಯಿಗಾಗಿಯೇ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಉಳಿದವರೆಲ್ಲ ಅವಳ ಮೊದಲ ಕಪ್ಪನ್ನು ಬಾಯ್ತುಂಬ ಹೊಗಳಿ ಬೆಣ್ಣೆ ಹಚ್ಚಿದ್ದರು. ಇವನೊಬ್ಬ ಮಾತ್ರ, ಬುಡ ತೆಳುವಾಯಿತು, ಮೂರು ದಿನ ಬಾಳುವುದಿಲ್ಲ ಎಂದಿದ್ದ. ಅವಳು ಮನೆಗೆ ಹೋಗಿ ಅತ್ತಳು, ಬೆಳಿಗ್ಗೆ ಬಂದು ಬುಡ ದಪ್ಪ ಮಾಡಿದಳು. ಮದುವೆಯಾದ ಮೇಲೆ ಅವಳ ತಾಯಿ ಒಮ್ಮೆ, ಅಳಿಯಂದಿರ ಬಾಯಲ್ಲಿ ಒಂದು ಒಳ್ಳೆ ಮಾತು ಬರುವುದಿಲ್ಲವಲ್ಲೇ ಎಂದು ಗೊಣಗಿದಾಗ ಅವಳು ನಕ್ಕುಬಿಟ್ಟಿದ್ದಳು. ಒಬ್ಬ ಮನುಷ್ಯನಾದರೂ ನನಗೆ ಸುಳ್ಳು ಹೇಳುವುದಿಲ್ಲ ಎಂಬ ನೆಮ್ಮದಿ ಏನೆಂದು ತಾಯಿಗೆ ಹೇಗೆ ಗೊತ್ತಾಗಬೇಕು? ಆ ನೆಮ್ಮದಿಯಲ್ಲೇ ಒಂಬತ್ತು ವರ್ಷದ ಸಂಸಾರ ಸಾಗಿತ್ತು.

ಈ ಸಲ ಗಾಜಿನ ಕಾರ್ಖಾನೆಯೊಂದಕ್ಕೆ ಕಪ್ ಬೇಕಿತ್ತು. ಬಾಗಿಲಷ್ಟು ಎತ್ತರದ ಗಾಜನ್ನು ತೋಳು ಎತ್ತಿ, ಹೆಂಗಸರು ಕೂತು ಕೆಲಸ ಮಾಡುವ ಮೇಜಿನ ಮೇಲಿಂದ ಹಾಯಿಸಿ ಆಚೆಗೆ ಇಡಬೇಕು. ಕತ್ತರಿಸಿದ ಗಾಜಿನ ಪುಡಿ ಎಲ್ಲೆಲ್ಲೂ ಇರುತ್ತದೆ, ಅದು ರಬ್ಬರಿನ ಅಂಚನ್ನು ದಿನವೂ ಇಷ್ಟಿಷ್ಟೇ ತಿನ್ನುತ್ತದೆ. ಐದು ಲಕ್ಷ ಸಲ ಎತ್ತಿದರೂ ಹಿಡಿತ ಬಿಡಬಾರದು ಎಂದು ಗಿರಾಕಿಯ ಷರತ್ತು. ಅವಳ ಎರಡು ಕಪ್‌ಗಳು ಅರ್ಧ ದಾರಿಯಲ್ಲೇ ಹರಿದವು. ಮೂರನೆಯದೂ ಕೈಕೊಟ್ಟರೆ ವಿನ್ಯಾಸದ ಕೆಲಸವನ್ನು ಹೊರಗಿನವರಿಗೆ ಒಪ್ಪಿಸುತ್ತೇನೆಂದು ಮಾಲೀಕರು ನಯವಾಗಿಯೇ ಹೇಳಿದ್ದರು. ನಯವಾಗಿ ಹೇಳಿದ್ದೇ ಅವಳಿಗೆ ಹೆಚ್ಚು ಚುಚ್ಚಿತ್ತು. ನಾಲ್ಕು ತಿಂಗಳು ಊಟ ನಿದ್ದೆ ಬಿಟ್ಟು ಅಂಚಿನ ಓರೆ ತಿದ್ದಿದಳು, ರಬ್ಬರಿನ ಪಾಕ ಬದಲಿಸಿದಳು. ಕೊನೆಗೊಂದು ದಿನ ಕಡ್ಡಿ ಬಂದು, ಐದು ಲಕ್ಷ ದಾಟಿತು, ಇದು ಬಾಳುತ್ತೆ ಎಂದ. ಅವನ ಬಾಯಲ್ಲಿ ಆ ಮಾತು! ಅವತ್ತು ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪರೀಕ್ಷೆಯಲ್ಲಿ ಸವೆದ ಕಪ್ಪನ್ನೂ ಸರಕಿನ ಜೊತೆ ಕಳಿಸುವುದು ಅಲ್ಲಿಯ ಪದ್ಧತಿ, ಗಿರಾಕಿ ಕಣ್ಣಾರೆ ನೋಡಲಿ ಎಂದು. ಪೆಟ್ಟಿಗೆಗಳು ಲಾರಿ ಏರುತ್ತಿದ್ದಾಗ ಪ್ಯಾಕಿಂಗ್ ಹೆಂಗಸು ಆ ಕಪ್ ತಂದು, ಚೀಟಿಗೆ ಸಹಿ ಬೇಕು ಎಂದಳು. ಇವಳು ಸಹಿ ಹಾಕಿ, ಮಗುವಿನ ಗಲ್ಲ ಸವರಿದಂತೆ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಬೆರಳು ಒಂದು ಸುತ್ತು ಬಂದು ನಿಂತಿತು. ಅವಳು ಇನ್ನೊಂದು ಸುತ್ತು ಆಡಿಸಿದಳು.

ಅಂಚು ಸುತ್ತಲೂ ಒಂದೇ ಸಮ ಸವೆದಿತ್ತು. ಯಂತ್ರದಲ್ಲಿ ಸವೆದ ಕಪ್ ಹಾಗಿರುವುದಿಲ್ಲ. ತೋಳು ಗಾಜನ್ನು ಎತ್ತಿ ಪ್ರತಿ ಸಲವೂ ಬಲಕ್ಕೇ ತಿರುಗುತ್ತದೆ. ಗಾಜಿನ ಭಾರ ಒಂದೇ ಕಡೆ ಜಗ್ಗುತ್ತದೆ, ಆ ಕಡೆಯ ಅಂಚು ಹೆಚ್ಚು ತೆಳುವಾಗುತ್ತದೆ. ಇಷ್ಟು ಸಮನಾಗಿ ಸವೆಸಬೇಕಾದರೆ ಕಪ್ಪನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ಸ್ಯಾಂಡ್ ಪೇಪರಿನಿಂದ ತಾಳ್ಮೆಯಾಗಿ ಉಜ್ಜಬೇಕು. ಪುಣ್ಯಾತ್ಮ ಮೋಸವನ್ನೂ ಅಚ್ಚುಕಟ್ಟಾಗಿ ಮಾಡಿದ್ದ.

ಪರೀಕ್ಷೆಯ ಕೋಣೆಯಲ್ಲಿ ಅವನು ಪಂಪಿನ ಕೊಳವೆ ಬಿಗಿ ಮಾಡುತ್ತಿದ್ದ. ಅವಳು ಕಪ್ಪನ್ನು ಅವನ ಮುಂದಿಟ್ಟು, ನಿಜವಾದದ್ದು ಎಷ್ಟಕ್ಕೆ ಹರಿಯಿತು ಎಂದಷ್ಟೇ ಕೇಳಿದಳು. ಅವನು ಕಪ್ ನೋಡಿದ, ಅವಳನ್ನು ನೋಡಿದ, ಸ್ಪ್ಯಾನರ್ ಕೆಳಗಿಟ್ಟ.

"ತೊಂಬತ್ತು ಸಾವಿರಕ್ಕೆ," ಎಂದ.

"ಯಾಕ್ರೀ?"

"ಇನ್ನೊಂದು ಸಲ ಹರೀತು ಅಂತ ನಿನಗೆ ಹೇಳೋಕೆ ನನ್ನ ಕೈಲಿ ಆಗಲಿಲ್ಲ. ಆ ನಾಲ್ಕು ತಿಂಗಳು ನಿನ್ನ ಮುಖ ನೀನು ನೋಡಿಕೊಂಡಿಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. ಬೇರೆ ಹೆಣ್ಣಿನ ಸಹವಾಸ ಮಾಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ. ಊರಿನವರೆಲ್ಲ ಹಚ್ಚುವ ಬೆಣ್ಣೆಯನ್ನು ಇವನೂ ಹಚ್ಚಿದ್ದ, ಅದೂ ಹೆಂಗಸರ ತಲೆಯ ಮೇಲೆ ಗಾಜು ತೂಗುವ ಕಡೆ.

"ಸೋಲೋದು ನನಗೆ ಅಭ್ಯಾಸ ಇದೆ," ಎಂದಳು. "ನೀವು ಕರುಣೆ ತೋರಿಸಿದ್ರಲ್ಲ, ಅದನ್ನ ಏನು ಮಾಡಲಿ?"

ಅವನ ಉತ್ತರಕ್ಕೆ ಕಾಯದೆ ಅಂಗಳಕ್ಕೆ ಹೋಗಿ ಲಾರಿ ನಿಲ್ಲಿಸಿದಳು. ಪೆಟ್ಟಿಗೆಗಳನ್ನೆಲ್ಲ ಇಳಿಸಿ, ಮಾಲೀಕರ ಮುಂದೆ ನಿಂತು ನಡೆದದ್ದನ್ನು ಇದ್ದ ಹಾಗೆ ಹೇಳಿದಳು, ಗಂಡನ ಹೆಸರನ್ನೂ ಬಚ್ಚಿಡಲಿಲ್ಲ. ನಾಳೆಯಿಂದ ವಿನ್ಯಾಸ ಹೊರಗಿನವರದು, ನೀನು ರಬ್ಬರ್ ಅಚ್ಚು ಹಾಕುವ ವಿಭಾಗಕ್ಕೆ ಹೋಗು ಎಂದರು ಮಾಲೀಕರು. ಪರೀಕ್ಷೆಯ ಕೋಣೆಗೂ ಬೇರೆಯವರನ್ನು ನೋಡುತ್ತೇನೆ ಎಂದರು. ಅವಳು ತಲೆಯಾಡಿಸಿ ಮೇಜು ಖಾಲಿ ಮಾಡಿದಳು. ಅಷ್ಟು ವರ್ಷದ ಕೆಲಸ ಒಂದು ಕೈಚೀಲದಲ್ಲಿ ಹಿಡಿಯಿತು.

ಸಂಜೆ ಇಬ್ಬರೂ ಜೊತೆಯಲ್ಲೇ ಮನೆಗೆ ಹೊರಟರು. ಮನೆ ಒಂದೇ ಆದಮೇಲೆ ದಾರಿಯೂ ಒಂದೇ ಅಲ್ಲವೇ. ಅವನು ಚೀಲ ಕೊಡು ಎಂದು ಕೈ ಚಾಚಿದ, ಅವಳು ಕೊಡಲಿಲ್ಲ. ಅವಳ ತಲೆಯಲ್ಲಿ ಒಂಬತ್ತು ವರ್ಷದ ಮಾತುಗಳೆಲ್ಲ ಒಂದೊಂದಾಗಿ ಎದ್ದು ಬರುತ್ತಿದ್ದವು. ಹಿಂದೊಮ್ಮೆ ಕಪ್ ಪಾಸಾಯಿತು ಎಂದದ್ದು, ಮಕ್ಕಳಾಗದಿದ್ದರೂ ನನಗೇನೂ ಬೇಸರವಿಲ್ಲ ಎಂದದ್ದು, ನಿನ್ನನ್ನು ಕಟ್ಟಿಕೊಂಡು ಪಶ್ಚಾತ್ತಾಪಪಟ್ಟಿಲ್ಲ ಎಂದದ್ದು. ಇದರಲ್ಲಿ ಯಾವುದು ಯಂತ್ರದಲ್ಲಿ ಸವೆದದ್ದು, ಯಾವುದು ಕೈಯಲ್ಲಿ ಉಜ್ಜಿದ್ದು? ಬೀದಿಯ ತಿರುವಿನಲ್ಲಿ ನಿಂತು ಕೇಳಿಯೇಬಿಟ್ಟಳು.

"ನನಗೆ ನೀವು ಹೇಳಿದ ಸುಳ್ಳು ಇದೊಂದೇನಾ?"

"ಇದೊಂದೇ," ಎಂದ ಕಡ್ಡಿ, ಅವಳ ಕಣ್ಣಲ್ಲಿ ಕಣ್ಣಿಟ್ಟು.

ನಿಜವೇ ಇರಬಹುದು. ಆದರೆ ಗಂಡ ಹೇಳಿದ್ದು ನಿಜವೋ ಸುಳ್ಳೋ ಎಂದು ತಿಳಿಯಬೇಕಾದರೆ ಅವಳು ಇಲ್ಲಿಯತನಕ ಕೇಳುತ್ತಿದ್ದದ್ದು ಒಬ್ಬನನ್ನೇ, ಅವನನ್ನೇ.