ಮಂಡಿನೋವಿನ ಎರಡು ಮಾತ್ರೆ

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಅಂತಾರಲ್ಲ, ಆ ಕ್ಷೌರದಂಗಡಿಯಲ್ಲಿ ದಾಯಾದಿಗಳಿಬ್ಬರೂ ಒಂದೇ ಕನ್ನಡಿಯ ಮುಂದೆ ನಿಂತು ಕೆಲಸ ಮಾಡೋರು. ಅಪ್ಪನ ಅಂಗಡಿ ಯಾರಿಗೆ ಅನ್ನೋ ಜಗಳದಲ್ಲಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಮೊದಲು ಬಾಯಿಬಿಟ್ಟವನು ಸೋತ ಹಾಗೆ, ಅಂಗಡಿ ಬಿಟ್ಟು ಹೋಗಬೇಕು ಅಂತ ಇಬ್ಬರದೂ ಹಟ. ಹೇಳಲೇಬೇಕಾದ್ದನ್ನು ಕುರ್ಚಿಯಲ್ಲಿ ಕೂತ ಗಿರಾಕಿಯ ಮೂಲಕ ಹೇಳೋರು.

ನಿಂತು ನಿಂತು ಇಬ್ಬರ ಮಂಡಿಯೂ ಸವೆದಿತ್ತು. ಅಣ್ಣ ನೋವಿನ ಮಾತ್ರೆಗಳನ್ನು ಪೆಪ್ಪರಮೆಂಟಿನ ಹಾಗೆ ತಿಂದು, ಹೊಟ್ಟೆ ಹುಣ್ಣಾಗಿ, ರಕ್ತ ಕಾರಿ, ಹೇಗೋ ಬದುಕಿ ಬಂದಿದ್ದ. ಆಗ ತಮ್ಮ ಅವನನ್ನು ನೋಡೋಕೂ ಆಸ್ಪತ್ರೆ ಕಡೆ ತಲೆಹಾಕಿರಲಿಲ್ಲ, ಪಾಪಿ! ಈಗ ಅಣ್ಣನಿಗೆ ಬರೀ ಪ್ಯಾರಾಸಿಟಮಾಲ್, ಮಂಡಿಗೆ ಹಚ್ಚೋ ಜೆಲ್. ತಮ್ಮನಿಗೆ ಡಾಕ್ಟರು, ಅಣ್ಣ ಹಿಂದೆ ತಿನ್ನುತ್ತಿದ್ದ ಆ ಪವರಿನ ನೋವಿನ ಮಾತ್ರೆಯನ್ನೇ ಕೊಟ್ಟಿದ್ದರು. ಊಟ ಆದಮೇಲೆ ಒಂದೇ, ಅದೂ ಸ್ವಲ್ಪ ದಿನ ಅಂದಿದ್ದರು. ಇವನು ಖಾಲಿ ಹೊಟ್ಟೆಗೇ ನುಂಗಿ, ಹೊಟ್ಟೆ ಹಿಡಿದುಕೊಂಡು ಬಗ್ಗೋದನ್ನು ಅಣ್ಣ ಕನ್ನಡಿಯಲ್ಲಿ ನೋಡುತ್ತಿದ್ದ.

"ಅವನಿಗೆ ಹೇಳಿ ಮೇಷ್ಟ್ರೇ, ಹಿಂಗೆ ನುಂಗಿದ್ರೆ ನನ್ನ ಗತೀನೇ ಆಗುತ್ತೆ," ಅಂದ ಅಣ್ಣ, ಕುರ್ಚಿಯಲ್ಲಿ ಶೇವಿಂಗಿಗೆ ಕೂತಿದ್ದ ಸ್ಕೂಲ್ ಮೇಷ್ಟ್ರಿಗೆ.

"ಅವನಿಗೆ ಹೇಳಿ ಮೇಷ್ಟ್ರೇ, ಬಾಗಿಲಿಗೆ ಎಣ್ಣೆ ಬಿಟ್ಟಂಗೆ ಜೆಲ್ ಸವರ್ಕೊಂಡು ಬಿದ್ದಿರಲಿ," ಅಂದ ತಮ್ಮ.

ಗಂಟಲ ಮೇಲೆ ರೇಜರ್ ಇದ್ದ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೂತರು.

ಮೇಷ್ಟ್ರು ಹೋದಮೇಲೆ ಅಂಗಡಿ ಖಾಲಿ. ತಮ್ಮ ಡಾಕ್ಟರ ಮಾತ್ರೆಯ ಜೊತೆಗೆ, ಮೆಡಿಕಲ್ ಶಾಪಿನಲ್ಲಿ ತಾನೇ ಕೇಳಿ ತಂದ ಇನ್ನೊಂದು ಶೀಟನ್ನೂ ಜೇಬಿಂದ ತೆಗೆದ. ಅಣ್ಣ ಕನ್ನಡಿಯಲ್ಲೇ ಅದನ್ನು ಗುರುತು ಹಿಡಿದ. ಹೆಸರು ಬೇರೆ, ಬಣ್ಣ ಬೇರೆ, ಒಳಗಿರೋದು ಅದೇ ಔಷಧಿ. ತಾನೂ ಹೀಗೇ ಎರಡನ್ನೂ ನುಂಗಿ ಕೆಟ್ಟಿದ್ದು. ಬಾಗಿಲ ಕಡೆ ನೋಡಿದ, ಒಬ್ಬ ಗಿರಾಕಿಯೂ ಇಲ್ಲ. ಸಾಯಲಿ ಬಿಡು ಅನ್ನಿಸಿತು. ಹೌದು, ಅನ್ನಿಸಿತು. ಆದರೆ ಬಾಯಿ ಕೇಳಬೇಕಲ್ಲ.

"ಲೇ ಕತ್ತೆ! ಎರಡೂ ಒಂದೇ ಕಣೋ! ಹೊಟ್ಟೆ ತೂತು ಬೀಳುತ್ತೆ, ಬಿಸಾಕೋ!"

ತಮ್ಮನ ಮುಖ ಅರಳಿತು.

"ಮಾತಾಡ್ಬಿಟ್ಟೆ! ಸೋತೆ ಕಣಣ್ಣ, ಸೋತೆ! ಅಂಗಡಿ ನಂದು!"

ಅಣ್ಣನನ್ನೇ ದುರುಗುಟ್ಟಿಕೊಂಡು ನೋಡುತ್ತ ಎರಡೂ ಮಾತ್ರೆ ಬಾಯಿಗೆ ಹಾಕಿ ಗಟಗಟ ನೀರು ಕುಡಿದ.

ಸಂಜೆ ಹೊತ್ತಿಗೆ ಬೇಸಿನ್ನಿನ ತುಂಬ ರಕ್ತ ಕಾರಿ ಅಲ್ಲೇ ಕುಸಿದ. ಅಣ್ಣ ಅವನನ್ನು ಬೆನ್ನಿಗೆ ಹಾಕಿಕೊಂಡು, ಮಂಡಿ ಕಟಕಟ ಅನ್ನುತ್ತಿದ್ದರೂ, ಬಾಯಿಗೆ ಬಂದಂತೆ ಬೈಯುತ್ತ ಆಸ್ಪತ್ರೆಗೆ ಹೊತ್ತೊಯ್ದ. ರಾತ್ರಿಯೆಲ್ಲ ಮಂಚದ ಪಕ್ಕ ಕೂತ. ಬೆಳಿಗ್ಗೆ ತಮ್ಮ ಕಣ್ಣುಬಿಟ್ಟ. ಅಣ್ಣನನ್ನು ಗುರುತು ಹಿಡಿದ.

"ಅಂಗಡಿ ಬೀಗದ ಕೈ ಎಲ್ಲಿ?" ಅಂದ.

ಅಣ್ಣ ಬೀಗದ ಕೈ ತೆಗೆದು ಅವನ ಹೊದಿಕೆಯ ಮೇಲೆ ಎಸೆದ.

"ತಗೋ. ಇಟ್ಕೊಂಡು ಸಾಯಿ," ಅಂದು ಕುಂಟುತ್ತ ಹೊರಟುಹೋದ.