ವರ್ಷವಿಡೀ ಯಾರೂ ಕೇಳದ ದನಿ

ಯಾವ ಬೀಗದ್ದೆಂದು ಯಾರಿಗೂ ನೆನಪಿಲ್ಲದ ಬೀಗದಕೈಗಳು ಪ್ರತಿ ಮನೆಯಲ್ಲೂ ಒಂದಷ್ಟು ಇರುತ್ತವೆ. ಮೇಜಿನ ಕೆಳಗಿನ ಖಾನೆಯಲ್ಲಿ, ತೀರಿದ ಬ್ಯಾಟರಿ, ಮುರಿದ ಕನ್ನಡಕಗಳ ನಡುವೆ ಬಿದ್ದಿರುತ್ತವೆ. ಬಿಸಾಡಲು ಧೈರ್ಯವಿಲ್ಲ, ಇಟ್ಟುಕೊಳ್ಳಲು ಕಾರಣವಿಲ್ಲ. ಈಗ ಇದೇ ರಗಳೆ ಕಂಪ್ಯೂಟರಿಗೂ ಅಂಟಿಕೊಂಡಿದೆ. ಅಂಗಡಿ, ಶಾಲೆ, ಕ್ಲಿನಿಕ್ಕುಗಳ ಪಾಸ್‌ವರ್ಡುಗಳೆಲ್ಲ ಕ್ಲೌಡಿನಲ್ಲಿ, ಅಂದರೆ ದೂರದ ಯಾರದೋ ಕಂಪ್ಯೂಟರಿನಲ್ಲಿ ಬಾಡಿಗೆಗೆ ಹಿಡಿದ ತಿಜೋರಿಯಲ್ಲಿ, ವರ್ಷದಿಂದ ವರ್ಷಕ್ಕೆ ತುಂಬಿಕೊಳ್ಳುತ್ತವೆ. ಮೇಜಿನ ಖಾನೆಗಾದರೆ ಕೈ ಹಾಕಿ ತಡಕಬಹುದು. ಈ ತಿಜೋರಿಯನ್ನು ಗುಡಿಸಲು ನಾಲ್ಕು ಸಾಲು ಕೋಡ್ ಸಾಕು. ಗುಡಿಸಿದವರಿಗೆ ಏನು ಹೋಯಿತೆಂದು ತಿಳಿಯುವುದೂ ಇಲ್ಲ.

ಮಾತಿನ ಟೀಚರ ಕ್ಲಿನಿಕ್ಕಿನಲ್ಲಿ ಆದದ್ದು ಅದೇ.

‘ಮಾತಿನ ಟೀಚರ್’ ಬೀದಿಯವರು ಇಟ್ಟ ಹೆಸರು. ತೊದಲುವ ಮಕ್ಕಳಿಗೆ, ಲಕ್ವ ಹೊಡೆದು ನಾಲಿಗೆ ಹೊರಳದವರಿಗೆ ಆಕೆ ಮಾತು ಕಲಿಸುತ್ತಿದ್ದಳು. ಅದರ ಜೊತೆಗೆ ಇನ್ನೊಂದು ಕೆಲಸವೂ ಇತ್ತು. ಗಂಟಲಿನ ಆಪರೇಷನ್ನಿನಲ್ಲಿ ಸ್ವರಪೆಟ್ಟಿಗೆ ಕಳೆದುಕೊಳ್ಳಲಿರುವವರ ದನಿಯನ್ನು ಆಕೆ ಮೊದಲೇ ರೆಕಾರ್ಡ್ ಮಾಡಿಡುತ್ತಿದ್ದಳು. ಗೋಡೆಗೆಲ್ಲ ಸ್ಪಂಜು ಮೆತ್ತಿದ ಪುಟ್ಟ ಕೋಣೆ, ಒಂದು ಕುರ್ಚಿ, ಒಂದು ಮೈಕು. ‘ಏನು ಹೇಳ್ಲಿ?’ ಎಂದು ಕೇಳದವರಿಲ್ಲ. ‘ಮನೇಲಿ ದಿನಾ ಏನು ಹೇಳ್ತೀರೋ ಅದನ್ನೇ ಹೇಳಿ’ ಎನ್ನುತ್ತಿದ್ದಳು. ಹಾಗಾಗಿ ಆ ಕೋಣೆಯಲ್ಲಿ ಮಹಾವಾಕ್ಯಗಳು ಹುಟ್ಟಿದ್ದು ಕಡಿಮೆ. ‘ಲೈಟ್ ಆರ್ಸು’, ‘ಛತ್ರಿ ಮರೀಬೇಡ’, ‘ಎಷ್ಟು ಸಲ ಕರೀಬೇಕು ನಿನ್ನ’ ಇಂಥವೇ ಜಾಸ್ತಿ.

ಬಸ್ ಡ್ರೈವರನ ಹೆಂಡತಿಯೂ ಆ ಕುರ್ಚಿಯಲ್ಲಿ ಕೂತಿದ್ದಳು. ಬಾಯಿ ಜೋರಿನ ಹೆಂಗಸು. ಮೈಕನ್ನು ಒಮ್ಮೆ ಮೇಲೆ ಕೆಳಗೆ ನೋಡಿ, ಗಂಡ ಎದುರಿಗೇ ಮಲಗಿದ್ದಾನೆ ಎಂಬಂತೆ ಶುರುಮಾಡಿದಳು.

“ಏಳ್ರೀ! ಹೊತ್ತಾಯ್ತು. ಬಸ್ಸು ನಿಮಗೋಸ್ಕರ ಕಾಯುತ್ತಾ?”

ಬಾಗಿಲ ಬಳಿ ನಿಂತಿದ್ದ ಡ್ರೈವರನಿಗೆ ತಡೆಯಲಾಗಲಿಲ್ಲ. “ನಾನಿಲ್ದೆ ಅದು ಹೆಂಗೆ ಹೊರಡುತ್ತೆ? ನಾನೇ ಕಣೇ ಡ್ರೈವರು!”

“ಈ ಮಾತಿಗೆ ಉತ್ತರ ಕೊಟ್ಟು ಕೊಟ್ಟೇ ನನ್ನ ಗಂಟಲು ಹೋಗಿದ್ದು,” ಎಂದಳು ಆಕೆ. ಅದೂ ರೆಕಾರ್ಡ್ ಆಯಿತು, ಮೂವರ ನಗುವೂ ಆಯಿತು.

ಆಪರೇಷನ್ ಆದ ಮೇಲೆ ಒಂದು ವರ್ಷ ಆಕೆ ಬದುಕಿದ್ದಳು, ದನಿಯಿಲ್ಲದೆ. ಬೆಳಿಗ್ಗೆ ಮಂಚದ ಕಾಲಿಗೆ ಚಮಚ ಬಡಿದು ಗಂಡನನ್ನು ಎಬ್ಬಿಸುತ್ತಿದ್ದಳು. ಆಮೇಲೆ ಅದೂ ನಿಂತಿತು.

ಬೇರೆ ಮನೆಯವರು ರೆಕಾರ್ಡಿನ ಪ್ರತಿಯನ್ನು ಫೋನಿಗೆ ಹಾಕಿಸಿಕೊಂಡು ಹೋಗುತ್ತಿದ್ದರು. ಡ್ರೈವರ್ ಬೇಡವೆಂದ. “ಮನೇಲಿದ್ರೆ ಕೇಳ್ಬಿಡ್ತೀನಿ ಟೀಚರೇ. ಕೇಳಿದ್ರೆ ಮತ್ತೆ ಸ್ಟಿಯರಿಂಗ್ ಹಿಡಿಯೋಕಾಗಲ್ಲ. ನಿಮ್ಮ ಹತ್ರಾನೇ ಇರ್ಲಿ.” ಡ್ಯೂಟಿ ಮುಗಿಸಿ ಆಗಾಗ ಬರುತ್ತಿದ್ದ. ಹೊರಗಿನ ಬೆಂಚಿನ ಮೇಲೆ ಟೋಪಿ ತೆಗೆದಿಟ್ಟು ಕೂರುತ್ತಿದ್ದ. ಟೀಚರ್ ಬಾಗಿಲಿಗೆ ಬಂದು ನೋಡಿದರೆ, “ಇವತ್ತು ಬೇಡ” ಎಂದು ಎದ್ದು ಹೋಗುತ್ತಿದ್ದ. ಆಕೆ ಒತ್ತಾಯ ಮಾಡುತ್ತಿರಲಿಲ್ಲ. ಕೆಲವರಿಗೆ ಕೇಳುವುದಕ್ಕಿಂತ, ಕೇಳಬಹುದು ಎಂಬುದೇ ಆಸರೆ.

ಕ್ಲಿನಿಕ್ಕಿನ ಕಂಪ್ಯೂಟರು ನೋಡಿಕೊಳ್ಳುತ್ತಿದ್ದವನು ಟೀಚರ ಮೈದುನ. ಒಳ್ಳೆಯ ಹುಡುಗ, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಪ್ರತಿ ದನಿಯ ಫೈಲನ್ನೂ ಒಂದೊಂದು ಉದ್ದನೆಯ ಪಾಸ್‌ವರ್ಡಿನಿಂದ ಭದ್ರಮಾಡಿ, ಆ ಪಾಸ್‌ವರ್ಡುಗಳನ್ನು ಕ್ಲೌಡ್ ತಿಜೋರಿಯಲ್ಲಿಟ್ಟವನು ಅವನೇ. ಯಾರಿಗೂ ಅವು ಬಾಯಿಪಾಠವಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಟೀಚರ್ ಗುಂಡಿ ಒತ್ತಿದರೆ ಪ್ರೋಗ್ರಾಂ ತಾನೇ ತಿಜೋರಿಯಿಂದ ಪಾಸ್‌ವರ್ಡ್ ತಂದು ಫೈಲು ತೆರೆಯುತ್ತಿತ್ತು.

ಹೀಗಿರುವಾಗ ಇನ್ನೊಂದು ಕ್ಲಿನಿಕ್ಕಿನ ಹಳೆಯ ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕಿತೆಂಬ ಸುದ್ದಿ ಬಂತು. ಮರುದಿನವೇ ಮೈದುನ ಲ್ಯಾಪ್‌ಟಾಪ್ ಹಿಡಿದು ಬಂದ. ಟೀಚರ್, ಮೇಲಿನ ಮನೆಯ ಮಹಡಿ ಅಕ್ಕನ ಜೊತೆ ಚಹಾ ಕುಡಿಯುತ್ತಿದ್ದಳು. ಮಹಡಿ ಅಕ್ಕನ ಉದ್ಯೋಗ ಒಂದು ದೊಡ್ಡ ಆಫೀಸಿನ ಕಂಪ್ಯೂಟರುಗಳ ಕಾವಲು. ಬೇರೆಯವರು ಅವಸರ ಮಾಡುವುದನ್ನು ನೋಡುವುದಕ್ಕೇ ತನಗೆ ಸಂಬಳ ಎಂದು ಹೇಳಿಕೊಳ್ಳುತ್ತಿದ್ದಳು.

“ಅತ್ತಿಗೆ, ನಿಮ್ಮ ತಿಜೋರಿ ತುಂಬ ಹಳೇ ಪಾಸ್‌ವರ್ಡು. ರೋಗಿಗಳಿಗೆ ಮೆಸೇಜ್ ಕಳಿಸ್ತಿದ್ದ, ನಾವು ಬಿಟ್ಟ ಕಂಪನೀದು, ಕೆಲಸ ಬಿಟ್ಟುಹೋದ ರಿಸೆಪ್ಷನಿಸ್ಟಿಂದು, ಏನೇನೋ. ಕಳ್ಳನಿಗೆ ಒಂದು ಸಿಕ್ರೂ ಸಾಕು.”

“ಅಳಿಸಪ್ಪ. ನನ್ನ ತಲೆ ಯಾಕೆ ತಿಂತೀಯ?”

“ಅಳಿಸೋದು ಸರಿ,” ಎಂದಳು ಮಹಡಿ ಅಕ್ಕ. “ಹಳೇದು ಯಾವುದು ಅಂತ ಹೆಂಗೆ ಗೊತ್ತುಮಾಡ್ತೀಯ?”

“ಸುಲಭ. ಒಂದು ವರ್ಷದಿಂದ ಯಾರೂ ಬಳಸಿಲ್ಲ ಅಂದ್ರೆ ಹಳೇದು. ಕೋಡ್ ಬರ್ದಿದೀನಿ. ಒಂದೊಂದಾಗಿ ನೋಡ್ಕೊಂಡು ಹೋಗುತ್ತೆ, ಬಳಸದೇ ಇರೋದನ್ನ ಎತ್ತಿ ಬಿಸಾಕುತ್ತೆ.”

“ಬಿಸಾಕಿದ್ದನ್ನ ವಾಪಸ್ ತರೋಕೆ ಗಡುವು ಇಟ್ಟಿದೀಯಾ? ಅಳಿಸು ಅಂದ್ರೂ ತಿಜೋರಿಯವರು ಕೆಲವು ದಿನ ಬಚ್ಚಿಟ್ಟಿರ್ತಾರಲ್ಲ.”

“ಅದನ್ನ ತೆಗೆದೆ. ‘ಕಾಯಬೇಡ, ಈಗಲೇ’ ಅಂತ ಒಂದು ಪದ ಸೇರಿಸಿದ್ರೆ ಮುಗೀತು. ಅಲ್ಲ ಅಕ್ಕ, ಕಸ ಗುಡಿಸೋರು ಕಸಾನ ಮೂಲೇಲಿಟ್ಕೊಂಡು ಯೋಚ್ನೆ ಮಾಡ್ತಾ ಕೂರ್ತಾರಾ?”

“ಮನೇಲಿ ಉಂಗುರ ಕಳೆದಿದ್ರೆ ಕೂರ್ತಾರೆ.”

“ನಿಮ್ಮ ಕಣ್ಣಿಗೆ ಹಗ್ಗವೆಲ್ಲ ಹಾವು!”

“ಮೊದಲು ಅಳಿಸದೆ, ಏನೇನು ಅಳಿಸ್ತೀನಿ ಅಂತ ಬರೀ ಹೆಸರು ತೋರಿಸೋ ಹಾಗೆ ಒಂದು ಸಲ ಓಡಿಸು. ಅದನ್ನ ನಿಮ್ಮ ಅತ್ತಿಗೆ ನೋಡ್ಲಿ.”

“ಅತ್ತಿಗೆಗೆ ಪುರುಸೊತ್ತೆಲ್ಲಿದೆ?” ಎಂದ ಮೈದುನ. ಪುರುಸೊತ್ತಿಲ್ಲದ ಅತ್ತಿಗೆ ಎರಡನೇ ಲೋಟ ಚಹಾ ಬಗ್ಗಿಸಿಕೊಳ್ಳುತ್ತ ನಕ್ಕಳು.

ಕೋಡ್ ಓಡಿತು. ‘ಯಶಸ್ವಿ’ ಎಂದು ಪರದೆ ಹೇಳಿತು. ಯಂತ್ರಗಳಿಗೆ ಎಲ್ಲ ಅಳಿವೂ ಯಶಸ್ಸೇ. ಮರುದಿನ ಕ್ಲಿನಿಕ್ ಎಂದಿನಂತೆ ನಡೆಯಿತು, ಅದರ ಮರುದಿನವೂ. “ನೋಡಿದ್ರಾ, ಹುಲ್ಲುಕಡ್ಡಿ ಅಲ್ಲಾಡ್ಲಿಲ್ಲ,” ಎಂದು ಮೈದುನ ಮೆಟ್ಟಿಲ ಮೇಲೆ ಸಿಕ್ಕಿದ ಮಹಡಿ ಅಕ್ಕನಿಗೆ ಹೇಳಿದ.

ಡ್ರೈವರನ ಹೆಂಡತಿಯ ಫೈಲನ್ನು ಆ ವರ್ಷದಲ್ಲಿ ಯಾರೂ ಒಮ್ಮೆಯೂ ತೆರೆದಿರಲಿಲ್ಲ. ಅದಕ್ಕಾಗಿ ಒಬ್ಬ ಮನುಷ್ಯ ಎಷ್ಟೋ ಸಂಜೆ ಬೆಂಚಿನವರೆಗೆ ಬಂದು ಹೋಗಿದ್ದ. ಬೆಂಚಿನವರೆಗೆ ಬಂದದ್ದನ್ನು ಯಾವ ಕಂಪ್ಯೂಟರೂ ಬಳಕೆ ಎಂದು ಎಣಿಸುವುದಿಲ್ಲ.

ಒಂದು ಮಧ್ಯಾಹ್ನ ಅವನು ಬಂದ. ಬೆಂಚಿನ ಮೇಲೆ ಕೂರದೆ ನೇರ ಒಳಗೇ ಬಂದ. ಯೂನಿಫಾರ್ಮ್ ಇರಲಿಲ್ಲ, ಇಸ್ತ್ರಿ ಮಾಡಿದ ಬಿಳಿ ಅಂಗಿ.

“ನಿನ್ನೆಗೆ ರಿಟೈರ್ ಆಯ್ತು ಟೀಚರೇ. ಇವತ್ತು ಬೆಳಿಗ್ಗೆ ಎಚ್ಚರಾದಾಗ ಬಿಸಿಲು ಗೋಡೆ ಮೇಲಿತ್ತು. ಎಬ್ಬಿಸೋರಿಲ್ಲ, ಏಳೋ ಕೆಲಸಾನೂ ಇಲ್ಲ.” ಅವನು ಕುರ್ಚಿ ಎಳೆದುಕೊಂಡ. “ಇನ್ನು ಕೈ ನಡುಗಿದ್ರೂ ಪರವಾಗಿಲ್ಲ. ಹಿಂದೆ ಯಾರೂ ಕೂತಿರಲ್ಲ. ಹಾಕಿ, ಕೇಳ್ತೀನಿ.”

ಟೀಚರ್ ಗುಂಡಿ ಒತ್ತಿದಳು. ‘ಈ ಹೆಸರಿನ ಪಾಸ್‌ವರ್ಡ್ ತಿಜೋರಿಯಲ್ಲಿ ಇಲ್ಲ’ ಎಂದು ಬಂತು. ಮತ್ತೆ ಒತ್ತಿದಳು. ಮತ್ತೆ ಅದೇ. ಡ್ರೈವರ್ ತಾಳ್ಮೆಯಿಂದ ಕೂತಿದ್ದ, ಸಿಗ್ನಲ್ಲಿನಲ್ಲಿ ಕೂತು ಅಭ್ಯಾಸವಿದ್ದವನು.

“ಏನೋ ತೊಂದ್ರೆ ಇದೆ. ನಾಳೆ ಬರ್ತೀರಾ?” ಎಂದಳು.

“ಬರ್ತೀನಿ. ನನಗೇನು, ಡ್ಯೂಟಿನಾ?”

ಅವನು ಹೋದ ಮೇಲೆ ಮೈದುನನನ್ನು ಕರೆಸಿದಳು. ಅವನು ಎಲ್ಲ ಕಡೆ ಹುಡುಕಿದ. ತಿಜೋರಿಯ ಸಹಾಯವಾಣಿಗೆ ಬರೆದ. ‘ಕಾಯದೆ ಅಳಿಸಿ ಎಂದು ಕೇಳಿದ್ದೀರಿ, ಅಳಿಸಿದ್ದೇವೆ’ ಎಂದು ಬಹಳ ಸೌಜನ್ಯದ ಉತ್ತರ ಬಂತು. ಮಹಡಿ ಅಕ್ಕ ಇಳಿದು ಬಂದು, ಯಾರನ್ನೂ ಬೈಯದೆ, ಅವನ ಪಕ್ಕ ಕೂತಳು. ಬೈದಿದ್ದರೇ ವಾಸಿ ಎನ್ನಿಸಿತು ಟೀಚರಿಗೆ.

“ಫೈಲ್ ಇದೆ ಅಕ್ಕ, ಹಾಗೇ ಇದೆ. ಏನಾದ್ರೂ ಮಾಡಿ ಒಡೀಬಹುದಲ್ವಾ?”

“ಒಡೆಯೋಕಾಗ್ಬಾರ್ದು ಅಂತ ತಾನೇ ಹಾಗೆ ಬೀಗ ಹಾಕಿದ್ದು? ಚೆನ್ನಾಗೇ ಹಾಕಿದೀಯ.” ಅವಳ ದನಿ ಮೆತ್ತಗಿತ್ತು. “ನೋಡು, ಪಾಸ್‌ವರ್ಡಲ್ಲಿ ಎರಡು ಜಾತಿ. ಒಂದು ಬಾಗಿಲು ತೆಗೆಯೋದು. ಅದು ಹೋದ್ರೆ ಇನ್ನೊಂದು ಮಾಡಿಸ್ಕೋಬಹುದು. ಇನ್ನೊಂದು, ವಸ್ತುವನ್ನೇ ಕಟ್ಟಿಹಾಕಿರೋದು. ಅದು ಹೋದ್ರೆ ವಸ್ತುನೂ ಹೋದಂಗೆ. ನಿನ್ನ ಕೋಡು ಎರಡನ್ನೂ ಒಂದೇ ಪೊರಕೇಲಿ ಗುಡಿಸ್ತು.”

“ನೆಗಡಿ ಬರುತ್ತೆ ಅಂತ ಮೂಗೇ ಕೊಯ್ದೆ,” ಎಂದ ಮೈದುನ.

ಮರುದಿನ ಡ್ರೈವರನಿಗೆ ಹೇಳಿದ್ದು ಟೀಚರೇ. ಬದುಕಿಡೀ ಮಾತು ಕಲಿಸಿದವಳಿಗೆ ಆ ನಾಲ್ಕು ಮಾತಿಗೆ ನಾಲಿಗೆ ಸಲೀಸಾಗಿ ಹೊರಳಲಿಲ್ಲ. ಅವನು ಪೂರ್ತಿ ಕೇಳಿಸಿಕೊಂಡ. “ಒಂದು ವರ್ಷ ಬಳಸ್ಲಿಲ್ಲ ಅಂತಾನಾ?” ಎಂದು ಕೇಳಿದ. ಹೌದೆಂದಳು. “ಮೊದಲೇ ಕೇಳ್ಬೇಕಿತ್ತು ನಾನು,” ಎಂದು ಎದ್ದುಹೋದ. ತಪ್ಪನ್ನು ಅವನೇ ಹೊತ್ತುಕೊಂಡು ಹೋದದ್ದು ಟೀಚರಿಗೆ ಇನ್ನೂ ಭಾರವಾಯಿತು.

ಕೆಟ್ಟ ಮೇಲೆ ಬುದ್ಧಿ ಬರುವುದು ಮನೆತನದ ರೂಢಿ, ಎಲ್ಲ ಮನೆತನಗಳದ್ದೂ. ಮೈದುನ ಮಹಡಿ ಅಕ್ಕನ ಪಕ್ಕ ಕೂತು ಕೋಡನ್ನು ಹೊಸದಾಗಿ ಬರೆದ. ಈಗ ಅದು ಮೊದಲು ಅಳಿಸಬೇಕೆಂದಿರುವವುಗಳ ಹೆಸರನ್ನಷ್ಟೇ ತೋರಿಸುತ್ತದೆ, ಒಳಗಿನ ಪಾಸ್‌ವರ್ಡನ್ನು ಪರದೆಗೆ ತರುವುದಿಲ್ಲ. ಪ್ರತಿಯೊಂದಕ್ಕೂ ಒಬ್ಬ ವಾರಸುದಾರ ಇರುತ್ತಾನೆ. ಅವನು ಹೂಂ ಎನ್ನುವವರೆಗೆ ಏನೂ ಅಲುಗುವುದಿಲ್ಲ.

“ಅವರು ಹೂಂ ಅಂದ ಮೇಲೆ?” ಟೀಚರ್ ಈಗ ಪ್ರತಿ ಸಾಲನ್ನೂ ಕೇಳುತ್ತಿದ್ದಳು.

“ಮೊದಲು ನಿಲ್ಲಿಸಿಡೋದು ಅತ್ತಿಗೆ, ಅಳಿಸೋದಲ್ಲ. ಯಾರಾದ್ರೂ ‘ಅಯ್ಯೋ, ನನ್ನ ಕೆಲಸ ನಿಂತೋಯ್ತು’ ಅಂದ್ರೆ ತಕ್ಷಣ ಎಬ್ಬಿಸ್ಬಹುದು. ಯಾರೂ ಅನ್ಲಿಲ್ಲ ಅಂದ್ರೆ ಅಳಿಸೋದು, ಅದೂ ವಾಪಸ್ ತರೋ ಗಡುವು ಇಟ್ಕೊಂಡು. ‘ಈಗಲೇ’ ಅನ್ನೋ ಪದ ಬಳಸೋಕೆ ಈ ಕೋಡಿಗೆ ಅಧಿಕಾರಾನೇ ಕೊಟ್ಟಿಲ್ಲ.”

“ನಾವು ಬಿಟ್ಟ ಆ ಮೆಸೇಜ್ ಕಂಪನೀದು?”

“ಅದನ್ನ ನಮ್ಮ ತಿಜೋರಿಯಿಂದ ಅಳಿಸಿದ್ದು ಸಾಲದು,” ಎಂದಳು ಮಹಡಿ ಅಕ್ಕ. “ಆ ಕಂಪನಿಯಲ್ಲೇ ರದ್ದು ಮಾಡಿಸ್ಬೇಕು. ಇಲ್ಲಾಂದ್ರೆ ನಾವು ಮರೆತಿರ್ತೀವಿ, ಕಳ್ಳನ ಹತ್ರ ಇರೋ ಪ್ರತಿಗೆ ಅಲ್ಲಿ ಬಾಗಿಲು ತೆರೆದೇ ಇರುತ್ತೆ.”

“ದನಿಗಳ ಪಾಸ್‌ವರ್ಡು?”

“ಅವಕ್ಕೆ ಕೋಡು ಕೈ ಹಾಕಲ್ಲ ಅತ್ತಿಗೆ. ಬೇರೆ ತಿಜೋರಿ,” ಎಂದ ಮೈದುನ.

ಉಳಿದದ್ದು ಒಂದು ಪ್ರಶ್ನೆ. ತೆರೆಯಲಾಗದ ಆ ಫೈಲು ಸುಮ್ಮನೆ ಜಾಗ ಹಿಡಿದು ಕೂತಿತ್ತು. ಮೈದುನ ಈ ಸಲ ಕೇಳದೆ ಮುಟ್ಟಲಿಲ್ಲ. ಅತ್ತಿಗೆಯನ್ನು ಕರೆದುಕೊಂಡು ಡ್ರೈವರನ ಮನೆಗೇ ಹೋದ. ಅವನು ಅಡುಗೆಮನೆಯಲ್ಲಿ ಒಂದೇ ತಟ್ಟೆ ತೊಳೆಯುತ್ತಿದ್ದ. ಹುಡುಗ ಕ್ಷಮೆ ಕೇಳಿದ, ತಡವರಿಸಿದ, ಕೊನೆಗೆ ಕೇಳಬೇಕಾದ್ದನ್ನು ಕೇಳಿದ.

“ಆ ಫೈಲು ಇನ್ನು ಯಾವತ್ತೂ ತೆರೆಯಲ್ಲ ಅಂಕಲ್. ಅಳಿಸ್ಲಾ, ಇಡ್ಲಾ?”

“ಅದರೊಳಗೆ ಅವಳ ದನಿ ಇದೆಯಾ?”

“ಇದೆ. ಆದ್ರೆ ಕೇಳಿಸಲ್ಲ.”

ಡ್ರೈವರ್ ತಟ್ಟೆಯನ್ನು ಒರೆಸಿ ಬೋರಲು ಹಾಕಿದ. “ಕೊನೇ ವರ್ಷ ಅವಳೂ ಹಾಗೇ ಇದ್ಲಪ್ಪ. ಇದ್ಲು, ಕೇಳಿಸ್ತಿರ್ಲಿಲ್ಲ. ಹಾಗಂತ ಬೇಡ ಅಂದಿದ್ನಾ? ಇರ್ಲಿ ಬಿಡು.”

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಹಳೆಯ ಪಾಸ್‌ವರ್ಡ್ ಅಳಿಸಬೇಡಿ ಎಂದು ನಾವು ಹೇಳುತ್ತಿಲ್ಲ. ಬೇಡವಾದದ್ದನ್ನು ಉಳಿಸಿಕೊಂಡರೆ ಕಳ್ಳನಿಗೆ ದಾರಿ ಬಿಟ್ಟಂತೆ. ಅಳಿಸಿ. ಆದರೆ ಕೋಡಿಗೆ ಅಪ್ಪಣೆ ಕೊಡುವ ಮೊದಲು ಹೆಸರುಗಳನ್ನು ನಿಮ್ಮ ಕಣ್ಣಿನಿಂದ ಓದಿ, ಒಂದೊಂದಕ್ಕೂ ‘ಇದು ಯಾರದು, ಇದರಿಂದ ಏನು ತೆರೆಯುತ್ತದೆ’ ಎಂದು ಕೇಳಿ. ಮೊದಲು ನಿಲ್ಲಿಸಿ ನೋಡಿ, ಆಮೇಲೆ ಗಡುವಿಟ್ಟು ಅಳಿಸಿ, ಆ ಪಾಸ್‌ವರ್ಡ್ ಕೊಟ್ಟ ಕಂಪನಿಯ ಕಡೆಯೂ ರದ್ದು ಮಾಡಿಸಿ. ಯಾರೂ ಬಳಸಲಿಲ್ಲ ಎಂದರೆ ಯಾರಿಗೂ ಬೇಡ ಎಂದು ಅರ್ಥವಲ್ಲ. ಬಳಸುವ ಧೈರ್ಯ ಇನ್ನೂ ಬಾರದವರು ಬಾಗಿಲ ಹೊರಗೆ ಕೂತಿರಬಹುದು. ಕೋಡಿಗೆ ತಾನಾಗಿ ಕಾಯಲು ಬರುವುದಿಲ್ಲ. ಇವತ್ತೇ ಅದಕ್ಕೆ ಕಾಯುವುದನ್ನು ಕಲಿಸಿ.